ಹರಿದ ಕಾಗದದ ಅವಯವಿ

ಬಿಡಿಬಿಡಿ ಭಾಗಗಳು ಕೂಡಿ ಒಂದು ವಸ್ತುವಾದಾಗ, ಆ ವಸ್ತು ಭಾಗಗಳಿಗಿಂತ ಬೇರೆಯಾಗಿ ತನ್ನದೇ ಇರವನ್ನು ಪಡೆದ ಹೊಸ ಪದಾರ್ಥವೋ, ಅಥವಾ ಭಾಗಗಳ ಕೂಟಕ್ಕೆ ಲೋಕವ್ಯವಹಾರದ ಅನುಕೂಲಕ್ಕಾಗಿ ಇಟ್ಟ ಬರಿಯ ಹೆಸರೋ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಸಾವಿರ ವರ್ಷಕ್ಕೂ ಮೀರಿ ಚರ್ಚೆಗೆ ಒಳಗಾಗಿದೆ. ಭಾಗವನ್ನು ಅವಯವವೆಂದೂ ಭಾಗಗಳಿಂದ ಹುಟ್ಟಿದ ಇಡಿಯನ್ನು ಅವಯವಿಯೆಂದೂ ಕರೆದ ನ್ಯಾಯ-ವೈಶೇಷಿಕರು ಅವಯವಿ ಸತ್ಯವೆಂದರು. ಬೌದ್ಧರು ಅದನ್ನು ಕಲ್ಪನೆಯೆಂದು ತಳ್ಳಿಹಾಕಿದರು. ಜೈನರೂ ಮುಂದೆ ಮಾಧ್ವರೂ ಇಡಿ ಮತ್ತು ಬಿಡಿಗಳ ನಡುವೆ ಭೇದವೂ ಉಂಟು, ಅಭೇದವೂ ಉಂಟು ಎಂದು ತಮ್ಮ ತಮ್ಮ ರೀತಿಯಲ್ಲಿ ವಾದಿಸಿದರು. ಈ ದರ್ಶನಗಳ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆಗಳು ನೂಲು ಮತ್ತು ಬಟ್ಟೆ, ಕಪಾಲವೆಂಬ ಮಡಕೆಯ ಹೋಳು ಮತ್ತು ಗಡಿಗೆ, ಗಾಲಿ-ಅಚ್ಚು-ನೊಗ ಮತ್ತು ರಥ. ಇವುಗಳಲ್ಲೆಲ್ಲ ಅವಯವವು ಅವಯವಿಯಾಗುವುದಕ್ಕೆಂದೇ ತಯಾರಾದದ್ದು. ಬಟ್ಟೆಯಾಗುವ ಮೊದಲು ನೂಲಿಗೆ ಹೇಳಿಕೊಳ್ಳುವಂಥ ಬೇರೊಂದು ಬಾಳು ಇರಲಿಲ್ಲ. ಭಾಗಗಳಿಗೆ ಅಂಥದೊಂದು ಬಾಳು ಇದ್ದು, ಅದು ಮುಗಿದ ಮೇಲೆ ಅವು ಇನ್ನೊಂದು ಇಡಿಗೆ ಬಂದು ಸೇರಿದರೆ ವಾದ ಯಾವ ತಿರುವು ಪಡೆಯುತ್ತದೆ ಎಂಬುದು ಶಾಸ್ತ್ರದಲ್ಲಿ ಅಂಚಿನಲ್ಲೇ ಉಳಿದ ವಿಷಯ. ಇಪ್ಪತ್ತನೆಯ ಶತಮಾನದ ಚಿತ್ರಕಲೆ ಅದನ್ನು ನಡುಮನೆಗೆ ತಂದಿಟ್ಟಿತು.

ಬೇರೆ ಉಪಯೋಗಕ್ಕೆ ಹುಟ್ಟಿದ ಕಾಗದ, ಬಟ್ಟೆ, ಮುದ್ರಿತ ಚೂರುಗಳನ್ನು ಒಂದು ತಳದ ಮೇಲೆ ಅಂಟಿಸಿ ಚಿತ್ರವಾಗಿಸುವ ಕ್ರಮಕ್ಕೆ ಕೊಲಾಜ್ ಎಂದು ಹೆಸರು. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಅಚ್ಚೊತ್ತಿದ ಮೇಣಬಟ್ಟೆಯನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಕೊಟ್ಟದ್ದು, ಅದೇ ವರ್ಷ ಬ್ರಾಕ್ ಗೋಡೆಕಾಗದದ ತುಂಡುಗಳನ್ನು ರೇಖಾಚಿತ್ರದೊಳಕ್ಕೆ ತಂದದ್ದು ಈ ಕ್ರಮದ ಆರಂಭವೆಂದು ಕಲೆಯ ಇತಿಹಾಸಕಾರರು ಗುರುತಿಸುತ್ತಾರೆ. ಜರ್ಮನಿಯ ಕುರ್ಟ್ ಶ್ವಿಟರ್ಸ್ ಟ್ರಾಮ್ ಟಿಕೆಟ್ಟು, ರಸೀದಿ, ಪೊಟ್ಟಣದ ಕಾಗದಗಳಿಂದ ಅಮೂರ್ತ ಚಿತ್ರಗಳನ್ನು, ಎಂದರೆ ಯಾವ ವ್ಯಕ್ತಿಯನ್ನೂ ವಸ್ತುವನ್ನೂ ಹೋಲದೆ ಬಣ್ಣ-ಆಕಾರಗಳ ಸಂಬಂಧದಿಂದಲೇ ನಿಲ್ಲುವ ಚಿತ್ರಗಳನ್ನು ಕಟ್ಟಿದನು. ಎರಡನೆಯ ಮಹಾಯುದ್ಧದ ನಂತರ ಪ್ಯಾರಿಸಿನಲ್ಲಿ ರೇಮೊ ಏನ್ಸ್ ಮತ್ತು ಜಾಕ್ ವಿಯೆಗ್ಲೆ ಬೀದಿಗೋಡೆಗಳ ಮೇಲೆ ಪದರಪದರವಾಗಿ ಕೂತಿದ್ದ ಭಿತ್ತಿಪತ್ರಗಳನ್ನು ಹರಿದ ಸ್ಥಿತಿಯಲ್ಲೇ ಕಿತ್ತು ತಂದು ಪ್ರದರ್ಶಿಸಿದರು. ಅಂಟಿಸುವುದಕ್ಕೆ ಬದಲಾಗಿ ಕೀಳುವುದೇ ಮುಖ್ಯವಾದ ಈ ಪದ್ಧತಿಗೆ ಡಿಕೊಲಾಜ್ ಎಂಬ ಹೆಸರು ಬಂತು. ಕೂಡಿಸುವ ಮತ್ತು ಕೀಳುವ ಈ ಎರಡು ಪದ್ಧತಿಗಳನ್ನು ಒಂದೇ ಕೃತಿಯಲ್ಲಿ, ಅದೂ ಗೋಡೆಯಗಲದ ಪ್ರಮಾಣದಲ್ಲಿ, ಬೆಸೆದ ಸಮಕಾಲೀನರಲ್ಲಿ ಅಮೆರಿಕದ ಮಾರ್ಕ್ ಬ್ರಾಡ್‌ಫರ್ಡ್ ಪ್ರಮುಖರು. ಅವರ ಮೇಲೆ ಭಾರತೀಯ ದರ್ಶನಗಳ ಪ್ರಭಾವವಿದೆ ಎಂಬುದು ಈ ಲೇಖನದ ವಾದವಲ್ಲ. ಅವಯವಿಯ ಪ್ರಶ್ನೆಗೆ ಅವರ ಕೃತಿಗಳಷ್ಟು ಬಿಗಿಯಾದ ಪರೀಕ್ಷೆ ಬೇರೆಡೆ ಸಿಗುವುದು ಕಷ್ಟ ಎಂಬುದಷ್ಟೇ ಇಲ್ಲಿನ ಆಧಾರ.

ಬ್ರಾಡ್‌ಫರ್ಡ್ 1961ರಲ್ಲಿ ಲಾಸ್ ಏಂಜಲೀಸಿನಲ್ಲಿ ಜನಿಸಿದರು. ತಾಯಿ ಆ ನಗರದ ದಕ್ಷಿಣ ಭಾಗದಲ್ಲಿರುವ, ಆಫ್ರಿಕನ್ ಅಮೆರಿಕನ್ ಬದುಕಿನ ಕೇಂದ್ರಗಳಲ್ಲೊಂದಾದ ಲಮರ್ಟ್ ಪಾರ್ಕಿನಲ್ಲಿ ಹೆಂಗಸರ ಕೇಶಾಲಂಕಾರದ ಅಂಗಡಿಯನ್ನು ನಡೆಸುತ್ತಿದ್ದರು. ಮಗನೂ ಅದೇ ಕಸುಬು ಕಲಿತು, ಪರವಾನಗಿ ಪಡೆದು, ಅಲ್ಲಿಯೇ ದುಡಿದರು. ಯೌವನದ ವರ್ಷಗಳು ಏಡ್ಸ್ ರೋಗ ಅಮೆರಿಕದ ಸಲಿಂಗಿ ಸಮುದಾಯವನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಕಳೆದವು. ಸ್ವತಃ ಆ ಸಮುದಾಯದವರಾದ ಅವರು ಆಪ್ತರ ಸಾವುಗಳನ್ನು ಹತ್ತಿರದಿಂದ ಕಂಡರು. ಶಾಸ್ತ್ರೀಯ ಕಲಾಶಿಕ್ಷಣಕ್ಕೆ ಅವರು ತೊಡಗಿದ್ದು ಮೂವತ್ತರ ಹೊತ್ತಿಗೆ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಿಂದ 1995ರಲ್ಲಿ ಪದವಿಯನ್ನೂ 1997ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದ ಮೇಲೂ ಬಾಚಣಿಗೆ-ಕತ್ತರಿಯ ಕೆಲಸವನ್ನು ತಕ್ಷಣ ಬಿಡಲಿಲ್ಲ. ಕಪ್ಪು ಕಲಾವಿದನೆಂದರೆ ಕಪ್ಪು ಮನುಷ್ಯನ ಆಕೃತಿಯನ್ನೇ ಬರೆಯಬೇಕೆಂಬ ನಿರೀಕ್ಷೆ ಅಂದಿನ ಕಲಾಲೋಕದಲ್ಲಿ ಬಲವಾಗಿತ್ತು. ಅಮೂರ್ತ ಕಲೆಯೋ ಐವತ್ತರ ದಶಕದ ನ್ಯೂಯಾರ್ಕಿನ ಬಿಳಿಯ ಗಂಡಸರ ಸ್ವತ್ತೆಂಬ ಭಾವನೆ ಇತ್ತು. ಬ್ರಾಡ್‌ಫರ್ಡ್ ಅಮೂರ್ತವನ್ನೇ ಹಿಡಿದರು, ಆದರೆ ಬಣ್ಣವನ್ನು ಕಲಾಸಾಮಗ್ರಿಯ ಅಂಗಡಿಯಿಂದ ತರಲಿಲ್ಲ. ತಾವು ಮಾಡುವುದು ಸಾಮಾಜಿಕ ಅಮೂರ್ತ ಕಲೆಯೆಂದು ಅವರು ಹೇಳಿಕೊಂಡದ್ದಕ್ಕೆ ಈ ಆಯ್ಕೆಯೇ ತಳಹದಿ.

ಅವರ ಮೊದಲ ಸಾಮಗ್ರಿ ಎಂಡ್ ಪೇಪರ್. ಕೂದಲನ್ನು ರಾಸಾಯನಿಕದಿಂದ ಗುಂಗುರುಗೊಳಿಸುವಾಗ ಸುರುಳಿಯ ತುದಿ ಮುರಿಯದಂತೆ ಸುತ್ತುವ, ಬೆರಳುದ್ದದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಈ ಕಾಗದ ಪೆಟ್ಟಿಗೆಗಟ್ಟಲೆ ಅಗ್ಗಕ್ಕೆ ಸಿಗುತ್ತದೆ, ಒಮ್ಮೆ ಬಳಸಿ ಎಸೆಯುವುದು ರೂಢಿ. 2000ದ ಆಸುಪಾಸಿನ ಕೃತಿಗಳಲ್ಲಿ ಬ್ರಾಡ್‌ಫರ್ಡ್ ಪ್ರತಿ ಹಾಳೆಯ ಅಂಚನ್ನು ಬೆಂಕಿಯಲ್ಲಿ ಸುಟ್ಟು, ಸಾಲುಸಾಲಾಗಿ ಒಂದರ ಅಂಚಿನ ಮೇಲೊಂದು ಬರುವಂತೆ ಅಂಟಿಸಿದರು. ಸುಟ್ಟ ಅಂಚು ಕಂದುಗಪ್ಪು ಗೆರೆಯಾಗುತ್ತದೆ. ಹಾಳೆ ಅರೆಪಾರದರ್ಶಕವಾದ್ದರಿಂದ ಕೆಳಗಿನ ಬಣ್ಣ ಮಂಕಾಗಿ ಮೇಲೆ ಬರುತ್ತದೆ. ದೂರದಿಂದ ನೋಡಿದವರಿಗೆ ಆಗ್ನೆಸ್ ಮಾರ್ಟಿನ್ ಅವರ ಪ್ರಶಾಂತ ಚೌಕುಳಿ ಚಿತ್ರಗಳ ನೆನಪಾಗುವಂಥ ಹಂದರ ಕಾಣುತ್ತದೆ, ಹತ್ತಿರ ಬಂದರೆ ಒಂದೊಂದು ಕೋಣೆಯೂ ಒಂದೊಂದು ಕಾಗದ, ಒಂದೊಂದು ಗೆರೆಯೂ ಒಂದು ಸುಟ್ಟ ಗಾಯ. ಹಾರ್ಲೆಮ್ಮಿನ ಸ್ಟುಡಿಯೊ ಮ್ಯೂಸಿಯಮ್ಮಿನಲ್ಲಿ 2001ರಲ್ಲಿ ಥೆಲ್ಮಾ ಗೋಲ್ಡನ್ ಏರ್ಪಡಿಸಿದ ‘ಫ್ರೀಸ್ಟೈಲ್’ ಪ್ರದರ್ಶನ ಈ ಕೃತಿಗಳನ್ನು ದೇಶದ ಗಮನಕ್ಕೆ ತಂದಿತು. 2006ರಲ್ಲಿ ವಿಟ್ನಿ ಬಿಯೆನಾಲೆಯ ಬಕ್ಸ್‌ಬಾಮ್ ಪ್ರಶಸ್ತಿ, 2009ರಲ್ಲಿ ಮೆಕಾರ್ಥರ್ ಫೆಲೊಶಿಪ್, 2017ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಅಮೆರಿಕದ ಪ್ರಾತಿನಿಧ್ಯ ಎಂದು ಮುಂದಿನ ಏಳಿಗೆ ಸಾಗಿತು.

ಎಂಡ್ ಪೇಪರಿನ ಈ ಹಂದರದ ಮುಂದೆ ನ್ಯಾಯಶಾಸ್ತ್ರದ ಪ್ರಶ್ನೆಯನ್ನು ಇಟ್ಟು ನೋಡಬಹುದು. ಅವಯವಿಯನ್ನು ಸಾಧಿಸಲು ಗೌತಮನ ನ್ಯಾಯಸೂತ್ರ ಕೊಡುವ ಯುಕ್ತಿಗಳಲ್ಲಿ ಒಂದು ಧಾರಣ ಮತ್ತು ಆಕರ್ಷಣ, ಎಂದರೆ ಹಿಡಿಯುವುದು ಮತ್ತು ಎಳೆಯುವುದು. ಗಡಿಗೆಯ ಕಂಠವನ್ನು ಹಿಡಿದರೆ ಇಡೀ ಗಡಿಗೆ ಕೈಗೆ ಬರುತ್ತದೆ, ಬಟ್ಟೆಯ ಚುಂಗನ್ನು ಎಳೆದರೆ ಇಡೀ ಬಟ್ಟೆ ಬರುತ್ತದೆ. ಪರಮಾಣುಗಳ ರಾಶಿ ಮಾತ್ರವಿದ್ದು ಇಡಿ ಎಂಬುದು ಇಲ್ಲದಿದ್ದರೆ ಹೀಗಾಗಬಾರದು. ಆದರೆ ಇದರ ಮೇಲೆ ಭಾಷ್ಯ ಬರೆದ ವಾತ್ಸ್ಯಾಯನ ಈ ಯುಕ್ತಿಗೆ ಎದುರಾಗುವ ಒಂದು ಆಕ್ಷೇಪವನ್ನೂ ಎತ್ತುತ್ತಾನೆ. ಹುಲ್ಲು, ಕಲ್ಲು, ಕಟ್ಟಿಗೆಗಳನ್ನು ಅರಗಿನಿಂದ ಮೆತ್ತಿ ಕೂಡಿಸಿದರೆ ಒಂದನ್ನು ಎಳೆದಾಗ ಉಳಿದವೂ ಬರುತ್ತವೆ, ಆದರೂ ಅಲ್ಲಿ ಹೊಸ ದ್ರವ್ಯವೇನೂ ಹುಟ್ಟಿರುವುದಿಲ್ಲ. ಹಿಡಿತಕ್ಕೆ ಕಾರಣ ಅಂಟು, ಅವಯವಿ ಅಲ್ಲ. ಕೊಲಾಜ್ ಎಂಬ ಕಲಾಪ್ರಕಾರ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಅದರ ಅತ್ಯಂತ ಕಠಿಣ ವಿಮರ್ಶೆ ಈ ಒಂದು ಉದಾಹರಣೆಯಲ್ಲಿ ನಡೆದುಹೋಗಿದೆ ಎನ್ನಬಹುದು. ಶ್ವಿಟರ್ಸನ ಟ್ರಾಮ್ ಟಿಕೆಟ್ಟು ಮತ್ತು ರಸೀದಿ ಒಂದು ಹಲಗೆಯ ಮೇಲೆ ಕೂಡಿವೆ, ನಿಜ. ಆದರೆ ಅರಗು ಮೆತ್ತಿದ ಹುಲ್ಲು-ಕಲ್ಲುಗಳಿಗಿಂತ ಅವು ಹೆಚ್ಚೆಂದು ಹೇಳಲು ಆಧಾರವೇನು?

ನೈಯಾಯಿಕರ ಬಳಿ ಇದಕ್ಕೆ ಇನ್ನೊಂದು ಮಾರ್ಗವಿದೆ, ಅದು ಬಣ್ಣದ ಮಾರ್ಗ. ಅವರ ಮತದಲ್ಲಿ ಒಂದು ದ್ರವ್ಯ ಕಣ್ಣಿಗೆ ಕಾಣಬೇಕಾದರೆ ಅದಕ್ಕೆ ರೂಪ, ಎಂದರೆ ಬಣ್ಣ, ಇರಲೇಬೇಕು. ಪ್ರಾಚೀನರ ಪ್ರಕಾರ ಬಣ್ಣವು ತನ್ನ ಆಶ್ರಯವನ್ನು ಪೂರ್ತಿಯಾಗಿ ವ್ಯಾಪಿಸುವ ಗುಣ. ಹಾಗಾದರೆ ಕೆಂಪು, ಹಳದಿ, ಬಿಳಿ ನೂಲುಗಳಿಂದ ನೆಯ್ದ ಬಟ್ಟೆಯ ಬಣ್ಣ ಯಾವುದು? ಕೆಂಪು ಇಡೀ ಬಟ್ಟೆಯನ್ನು ವ್ಯಾಪಿಸಿಲ್ಲ, ಹಳದಿಯೂ ವ್ಯಾಪಿಸಿಲ್ಲ. ಬಣ್ಣವೇ ಇಲ್ಲವೆಂದರೆ ಬಟ್ಟೆ ಕಾಣಬಾರದು, ಆದರೆ ಕಾಣುತ್ತಿದೆ. ಈ ಇಕ್ಕಟ್ಟಿನಿಂದ ಹೊರಬರಲು ಅವರು ‘ಚಿತ್ರ’ ಎಂಬ ಬೇರೊಂದು ಬಣ್ಣವನ್ನೇ ಒಪ್ಪಿಕೊಂಡರು. ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕದ ಮೊದಲ ಪಾಠವಾಗಿ ಇಂದಿಗೂ ಓದಿಸುವ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಏಳು ಬಣ್ಣಗಳ ಎಣಿಕೆಯಿದ್ದು, ಏಳನೆಯದು ಈ ಚಿತ್ರರೂಪ. ರಘುನಾಥ ಶಿರೋಮಣಿಯಂಥ ನವ್ಯ ನೈಯಾಯಿಕರು ಇದು ಅನಾವಶ್ಯಕ ಕಲ್ಪನೆಯೆಂದು ಬಿಟ್ಟು, ಬಣ್ಣವೂ ತನ್ನ ಆಶ್ರಯದ ಒಂದೊಂದು ಭಾಗದಲ್ಲಿ ಮಾತ್ರ ಇರಬಲ್ಲದೆಂದು ಒಪ್ಪಿದರು. ಹುಡುಗರು ಬಾಯಿಪಾಠ ಮಾಡಿ ಮರೆಯುವ ಈ ಚಿತ್ರರೂಪದ ವಾದ ಬರಿಯ ಕೂದಲು ಸೀಳುವಿಕೆಯೆಂದು ನಗುವವರು ಬ್ರಾಡ್‌ಫರ್ಡ್ ಅವರ ಕೃತಿಯೊಂದರ ಮುಂದೆ ನಿಂತರೆ ನಗು ನಿಲ್ಲಿಸಬೇಕಾದೀತು. ಸುಟ್ಟ ಕಂದು, ಮಾಸಿದ ಬಿಳಿ, ಅಡಿಯಿಂದ ಇಣುಕುವ ನೀಲಿ ಎಂದು ಬಿಡಿಸಿ ಹೇಳಿದರೆ ಕಂಡದ್ದನ್ನು ಹೇಳಿದಂತಾಗುವುದಿಲ್ಲ. ಕಂಡದ್ದು ಆ ಯಾವ ಬಣ್ಣವೂ ಅಲ್ಲದ, ಅವೆಲ್ಲವುಗಳಿಂದಾದ ಒಂದು ಕಾಣ್ಕೆ. ಪ್ರಾಚೀನರು ಇಲ್ಲಿ ನವ್ಯರಿಗಿಂತ ಕಣ್ಣಿಗೆ ಹೆಚ್ಚು ನಿಷ್ಠರಾಗಿದ್ದಾರೆ. ಆದರೂ ಕಾಣ್ಕೆ ಒಂದು ಎಂಬುದರಿಂದ ವಸ್ತು ಒಂದು ಎಂದು ಸಿದ್ಧವಾಗದು ಎಂದು ಬೌದ್ಧ ಎದ್ದು ನಿಲ್ಲುತ್ತಾನೆ, ಮತ್ತು ಅವನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಮಿಲಿಂದ ರಾಜನ ರಥದಲ್ಲಿ ಗಾಲಿಯೂ ನೊಗವೂ ಅಚ್ಚೂ ಇವೆ, ರಥವೆಂಬುದು ಅವುಗಳ ಕೂಟಕ್ಕೆ ಇಟ್ಟ ಹೆಸರು ಎಂದು ತೋರಿಸಿದ ಬೌದ್ಧ ಭಿಕ್ಷು ನಾಗಸೇನನ ವಾದ ಪ್ರಸಿದ್ಧವಾಗಿದೆ. ಅದಕ್ಕಿಂತ ಮೊನಚಾದದ್ದು ಏಳನೆಯ ಶತಮಾನದ ಸುಮಾರಿನ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ವಾದ. ಅವಯವಿ ಎಂಬುದು ಒಂದೇ ಆಗಿದ್ದರೆ, ಕೈ ಅಲುಗಿದಾಗ ಇಡೀ ದೇಹ ಅಲುಗಬೇಕು, ಒಂದು ಭಾಗಕ್ಕೆ ಬಣ್ಣ ಹತ್ತಿದಾಗ ಇಡಿಗೇ ಬಣ್ಣ ಹತ್ತಬೇಕು, ಒಂದು ಭಾಗ ಮುಚ್ಚಿದಾಗ ಇಡಿಯೇ ಮುಚ್ಚಿಹೋಗಬೇಕು. ಹಾಗಾಗುವುದಿಲ್ಲವಾದ್ದರಿಂದ ಒಂದೇ ವಸ್ತುವಿನಲ್ಲಿ ಕಾಣುವುದು ಮತ್ತು ಕಾಣದಿರುವುದು ಎಂಬ ವಿರುದ್ಧ ಧರ್ಮಗಳು ಸೇರಿಬಿಡುತ್ತವೆ, ಆದ್ದರಿಂದ ಆ ‘ಒಂದು’ ಸುಳ್ಳು. ಇವುಗಳಲ್ಲಿ ಮುಚ್ಚುವಿಕೆಯ ತರ್ಕ ಬ್ರಾಡ್‌ಫರ್ಡ್ ಅವರ ಎರಡನೆಯ ಹಂತದ ಕೃತಿಗಳಿಗೆ ನೇರವಾಗಿ ತಾಗುತ್ತದೆ, ಏಕೆಂದರೆ ಅಲ್ಲಿ ಕೃತಿಯ ಬಹುಭಾಗ ಯಾವಾಗಲೂ ಮುಚ್ಚಿಯೇ ಇರುತ್ತದೆ.

ಆ ಹಂತದ ಸಾಮಗ್ರಿ ಬೀದಿಯದು. ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಥಳಿಸಿದ ಪೊಲೀಸರು ಖುಲಾಸೆಯಾದಾಗ 1992ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ಭುಗಿಲೆದ್ದ ಗಲಭೆಯಲ್ಲಿ ಸುಟ್ಟುಹೋದ ನಿವೇಶನಗಳ ಸುತ್ತ ತಂತಿಬೇಲಿ ಬಂತು, ಬೇಲಿಯ ಮೇಲೆ ಜಾಹೀರಾತು ಬಂತು. ಬಡವರಿಗೆ ತುರ್ತಾಗಿ ಬೇಕಾಗುವ ಸೇವೆಗಳೇ ಆ ಭಿತ್ತಿಪತ್ರಗಳ ವಿಷಯ: ಮನೆಯನ್ನು ನಗದಿಗೆ ಕೊಳ್ಳುವವರು, ಮಗುವಿನ ಪಿತೃತ್ವದ ಪರೀಕ್ಷೆ ಮಾಡುವವರು, ವಿಚ್ಛೇದನ ಕೊಡಿಸುವವರು, ಜೈಲಿನಿಂದ ಮನೆಗೆ ಅಗ್ಗದ ಫೋನ್ ಸಂಪರ್ಕ ಒದಗಿಸುವವರು. ಒಂದು ಊರಿಗೆ ಏನಾಗುತ್ತಿದೆ ಎಂಬುದನ್ನು ಅದರ ಬೇಲಿಗಳ ಮೇಲೆ ಓದಬಹುದಿತ್ತು. ಬ್ರಾಡ್‌ಫರ್ಡ್ ಈ ಕಾಗದಗಳನ್ನು ಕಿತ್ತು ತಂದು, ಅವುಗಳ ನಡುವೆ ಹಗ್ಗ-ಹುರಿಗಳನ್ನಿಟ್ಟು, ಮೇಲೆ ಮತ್ತೆ ಕಾಗದ, ಮತ್ತೆ ಅಂಟು ಎಂದು ಪದರಗಳನ್ನು ಕಟ್ಟಿ, ಗಟ್ಟಿಯಾದ ಮೇಲೆ ಬಡಗಿಗಳು ಮರ ನಯಗೊಳಿಸಲು ಬಳಸುವ ವಿದ್ಯುತ್ ಸ್ಯಾಂಡರ್ ಯಂತ್ರದಿಂದ ಉಜ್ಜಿ ಸವೆಸಿದರು. ಯಂತ್ರ ಹರಿದಂತೆ ಮೇಲಿನ ಪದರ ಎಲ್ಲೋ ತೆಳುವಾಗಿ ಎಲ್ಲೋ ಪೂರ್ತಿ ಹೋಗಿ, ಕೆಳಗಿನದು ಚುಕ್ಕೆಚುಕ್ಕೆಯಾಗಿ ಮೇಲೆ ಬರುತ್ತದೆ. ಹುರಿಯಿದ್ದಲ್ಲಿ ಉಬ್ಬು ಸವೆದು ಗೆರೆಯಾಗುತ್ತದೆ, ಗೆರೆಗಳು ಕೂಡಿ ವಿಮಾನದಿಂದ ಕಂಡ ನಗರದ ರಸ್ತೆಗಳ ಬಲೆಯಂತೆ ಹರಡುತ್ತವೆ. ಓಕ್ಲಹೋಮಾದ ಟಲ್ಸಾ ನಗರದ ಕಪ್ಪು ಬಡಾವಣೆಯೊಂದನ್ನು 1921ರಲ್ಲಿ ಬಿಳಿಯರ ಗುಂಪು ಸುಟ್ಟುಹಾಕಿದ್ದನ್ನು ನೆನೆಯುವ 2006ರ ‘ಸ್ಕಾರ್ಚ್ಡ್ ಅರ್ತ್’ ಇಂಥದೊಂದು ಸುಟ್ಟ ನಕಾಶೆ.

ಕಾಗದವನ್ನು ಕಾಗದಕ್ಕೆ ಅಂಟಿಸಿದ ಹಂತದಲ್ಲಿ ಅರಗಿನ ಆಕ್ಷೇಪ ಪೂರ್ತಿಯಾಗಿ ಅನ್ವಯಿಸುತ್ತದೆ. ಪದರಗಳು ಕೂಡಿವೆ, ಒಂದಾಗಿಲ್ಲ, ನೀರು ಸೋಕಿಸಿ ನಿಧಾನವಾಗಿ ಬಿಡಿಸಿದರೆ ಬೇರೆಯಾದಾವು. ಉಜ್ಜಿದ ನಂತರದ ಸ್ಥಿತಿಯೇ ಬೇರೆ. ಈಗ ಕಣ್ಣಿಗೆ ಕಾಣುವ ಮೇಲ್ಮೈ ಯಾವ ಒಂದು ಪದರದ ಮೇಲ್ಮೈಯೂ ಅಲ್ಲ. ಅದು ಎಲ್ಲ ಪದರಗಳನ್ನೂ ಓರೆಯಾಗಿ ಸೀಳಿ ಹೋದ ಒಂದೇ ಮೈ. ಈಗ ಒಂದು ಪದರವನ್ನು ಬಿಡಿಸಿ ತೆಗೆದರೆ ದೊರೆಯುವುದು ಭಿತ್ತಿಪತ್ರವಲ್ಲ, ತೂತುಗಳುಳ್ಳ ಒಂದು ಚಿಂದಿ. ಆ ತೂತುಗಳಿಗೆ ಅರ್ಥ ಬರುವುದು ಅವುಗಳ ಮೂಲಕ ಕಂಡ ಇನ್ನೊಂದು ಪದರದಿಂದ ಮಾತ್ರ. ಅಂಟು ಕೊಡಲಾಗದ ಏಕತೆಯನ್ನು ಇಲ್ಲಿ ನಾಶ ಕೊಟ್ಟಿದೆ. ಎಲ್ಲ ಭಾಗಗಳೂ ಒಂದೇ ಏಟಿಗೆ ಒಳಗಾದವೆಂಬುದು ಅವುಗಳನ್ನು ಒಂದು ವಸ್ತುವಾಗಿಸಿದೆ. ಕಾಗದ, ಹುರಿ, ಅಂಟು ಬೇರೆ ಬೇರೆ ಜಾತಿಯವಾದ್ದರಿಂದ ಅವು ಕೂಡಿ ದ್ರವ್ಯವಾಗಲಾರವು ಎಂದು ಯಾರಾದರೂ ತಕರಾರು ತೆಗೆದರೆ, ಎಲ್ಲವೂ ಪಾರ್ಥಿವವೇ, ಎಂದರೆ ಪೃಥ್ವಿಯಿಂದಾದದ್ದೇ ತಾನೆ ಎಂದು ನೈಯಾಯಿಕ ಸಮಾಧಾನ ಹೇಳಿಯಾನು.

ನಾಶವು ಹೀಗೆ ಉತ್ಪಾದಕವಾಗಬಲ್ಲದೆ ಎಂಬುದಕ್ಕೆ ನ್ಯಾಯ-ವೈಶೇಷಿಕರಲ್ಲಿ ಎರಡು ಸಿದ್ಧಾಂತಗಳು ಸಿಗುತ್ತವೆ. ಬಟ್ಟೆಯಿಂದ ಕೆಲವು ನೂಲುಗಳನ್ನು ಕಿತ್ತರೆ ಹಳೆಯ ಬಟ್ಟೆ ಚಿಕ್ಕದಾಯಿತೆಂದು ಲೋಕ ಹೇಳುತ್ತದೆ, ಶಾಸ್ತ್ರ ಹಾಗೆ ಹೇಳುವುದಿಲ್ಲ. ಹಳೆಯ ಬಟ್ಟೆ ನಾಶವಾಯಿತು, ಉಳಿದ ನೂಲುಗಳಿಂದ ಖಂಡಪಟ, ಎಂದರೆ ತುಂಡುಬಟ್ಟೆ ಎಂಬ ಹೊಸ ಅವಯವಿ ಹುಟ್ಟಿತು ಎನ್ನುತ್ತದೆ. ಯಂತ್ರದ ಪ್ರತಿ ಉಜ್ಜಿಗೂ ಒಂದು ಕೃತಿ ಸತ್ತು ಇನ್ನೊಂದು ಹುಟ್ಟುತ್ತದೆ ಎಂದು ಇದರ ಫಲಿತಾರ್ಥ. ಎರಡನೆಯದು ಅಭಾವದ ಸಿದ್ಧಾಂತ. ಇಲ್ಲದಿರುವಿಕೆಯೂ ಒಂದು ಪದಾರ್ಥ, ಅದನ್ನೂ ಕಣ್ಣಿನಿಂದಲೇ ಅರಿಯಬಹುದು ಎಂದ ನೈಯಾಯಿಕರು, ವಸ್ತು ನಾಶವಾದ ಮೇಲೆ ಉಳಿಯುವ ಅಭಾವವನ್ನು ಪ್ರಧ್ವಂಸಾಭಾವವೆಂದು ಕರೆದು, ಅದು ಒಮ್ಮೆ ಆರಂಭವಾದ ಮೇಲೆ ಕೊನೆಯಿಲ್ಲದ್ದೆಂದರು. ಗಡಿಗೆ ಒಡೆದ ಮೇಲೆ ಅದರ ಪ್ರಧ್ವಂಸ ಎಂದೆಂದಿಗೂ ಇರುತ್ತದೆ. ಇಲ್ಲದ್ದು ಇಲ್ಲ, ಅದರ ಬಗ್ಗೆ ಹೇಳುವುದೇನಿದೆ ಎನ್ನುವವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಲಾಸ್ ಏಂಜಲೀಸಿನ ಹ್ಯಾಮರ್ ಮ್ಯೂಸಿಯಮ್ಮಿನ ಗೋಡೆಯ ಮೇಲೆ 2015ರಲ್ಲಿ ಬ್ರಾಡ್‌ಫರ್ಡ್ ರಚಿಸಿದ ‘ಫೈಂಡಿಂಗ್ ಬ್ಯಾರಿ’ ಎಂಬ ಕೃತಿ ಈ ವಿಚಿತ್ರವನ್ನು ಕಣ್ಣಿಗೆ ಕಟ್ಟುವಂತೆ ಮಾಡುತ್ತದೆ. ಆ ಗೋಡೆಯ ಮೇಲೆ ಹಿಂದೆ ಬೇರೆ ಬೇರೆ ಕಲಾವಿದರು ಚಿತ್ರ ಬರೆದಿದ್ದರು; ಪ್ರತಿ ಪ್ರದರ್ಶನದ ನಂತರ ಅದಕ್ಕೆ ಹೊಸ ಬಣ್ಣ ಬಳಿಯಲಾಗಿತ್ತು. ಬ್ರಾಡ್‌ಫರ್ಡ್ ಗೋಡೆಗೆ ಏನನ್ನೂ ಸೇರಿಸದೆ, ಆ ಪದರಗಳನ್ನು ಕೆರೆದು ಅಗೆದು, ಅಮೆರಿಕದ ನಕಾಶೆಯನ್ನೂ ಪ್ರತಿ ರಾಜ್ಯದಲ್ಲಿ 1 ಲಕ್ಷ ಜನಕ್ಕೆ ಎಷ್ಟು ಮಂದಿಗೆ ಏಡ್ಸ್ ತಗಲಿತ್ತು ಎಂಬ ಅಂಕಿಗಳನ್ನೂ ಮೂಡಿಸಿದರು. ಬ್ಯಾರಿ ಎಂಬುದು ಅದೇ ಗೋಡೆಯ ಮೇಲೆ ಹಿಂದೆ ಬರೆದಿದ್ದ ಕಲಾವಿದ ಬ್ಯಾರಿ ಮೆಕ್‌ಗೀ ಅವರ ಹೆಸರು. ಅಂಕಿಯ ಆಕಾರ ಬಣ್ಣ ಹೋದ ಜಾಗದ ಆಕಾರ, ಅಂಕಿಯ ಅರ್ಥ ರೋಗ ತಗಲಿದವರ ಲೆಕ್ಕ. ಅಭಾವವು ಕಾಣುವಂಥ ಪದಾರ್ಥವೆಂದು ಹೇಳಲು ನ್ಯಾಯಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ. ಧರ್ಮಕೀರ್ತಿಯ ಮುಚ್ಚುವಿಕೆಯ ತರ್ಕಕ್ಕೂ ಇಲ್ಲಿ ಒಂದು ಉತ್ತರವಿದೆ: ಈ ಕೃತಿಯಲ್ಲಿ ಮುಚ್ಚಿದ್ದು ಮತ್ತು ತೆರೆದದ್ದು ಎರಡು ವಿರುದ್ಧ ಧರ್ಮಗಳಾಗಿ ಉಳಿಯದೆ, ಒಂದರ ಗಡಿಯೇ ಇನ್ನೊಂದರ ರೂಪವಾಗಿದೆ.

ಆದರೂ ಖಂಡಪಟದ ಸಿದ್ಧಾಂತ ಒಂದು ಕಡೆ ಸೋಲುತ್ತದೆ. ಹಳೆಯ ವಸ್ತು ಪೂರ್ತಿ ನಾಶವಾಗಿ ಹೊಸದು ಹುಟ್ಟಿತೆಂದರೆ ಹಳೆಯದರ ಗುರುತು ಹೊಸದರಲ್ಲಿ ಹೇಗೆ ಮಾತಾಡುತ್ತದೆ ಎಂಬುದಕ್ಕೆ ಅದು ಸಮರ್ಪಕ ಉತ್ತರ ಕೊಡುವುದಿಲ್ಲ. ವಾಷಿಂಗ್ಟನ್ನಿನ ಹರ್ಷ್‌ಹಾರ್ನ್ ಮ್ಯೂಸಿಯಮ್ಮಿನ ದುಂಡು ಕಟ್ಟಡಕ್ಕೆಂದು 2017ರಲ್ಲಿ ರಚಿಸಿದ ‘ಪಿಕೆಟ್ಸ್ ಚಾರ್ಜ್’ ಈ ದೃಷ್ಟಿಯಿಂದ ಬ್ರಾಡ್‌ಫರ್ಡ್ ಅವರ ಅತ್ಯಂತ ಮುಖ್ಯ ಕೃತಿ. ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಜುಲೈ 3ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ದಕ್ಷಿಣದ ಸೇನೆ ನಡೆಸಿ ಸೋತ ಒಂದು ದಾಳಿಗೆ ಆ ಹೆಸರಿದೆ. ಫ್ರೆಂಚ್ ಕಲಾವಿದ ಪೌಲ್ ಫಿಲಿಪೊಟೊ 1880ರ ದಶಕದಲ್ಲಿ ಅದನ್ನು ನೋಡುಗನ ಸುತ್ತಲೂ ಆವರಿಸುವ ವರ್ತುಲಾಕಾರದ ಬೃಹತ್ ಚಿತ್ರವಾಗಿ ಬರೆದನು. ಸೈಕ್ಲೊರಾಮ ಎಂದು ಕರೆಯುವ ಆ ಪ್ರಕಾರದ ಗೀಳು ಆಗ ನಗರಗಳಲ್ಲೆಲ್ಲ ಇತ್ತು. ಬ್ರಾಡ್‌ಫರ್ಡ್ ಆ ಚಿತ್ರದ ಛಾಯೆಗಳನ್ನು ರಸ್ತೆಬದಿಯ ಜಾಹೀರಾತು ಫಲಕದ ಗಾತ್ರಕ್ಕೆ ಹಿಗ್ಗಿಸಿ ಮುದ್ರಿಸಿ, ಬಣ್ಣದ ಕಾಗದಗಳ ನಡುವೆ ಅಡ್ಡಡ್ಡವಾಗಿ ಹಗ್ಗಗಳನ್ನು ಹುದುಗಿಸಿ, ಆಮೇಲೆ ಆ ಹಗ್ಗಗಳನ್ನು ಎಳೆದು ಕಿತ್ತರು. ಕಿತ್ತಲ್ಲಿ ಕಾಗದ ಪಟ್ಟಿಪಟ್ಟಿಯಾಗಿ ಸೀಳಿ ಉತ್ತ ಹೊಲದ ಸಾಲುಗಳಂತಾಗಿದೆ. ಎಂಟು ಫಲಕಗಳು, ಒಟ್ಟು ಸುಮಾರು 400 ಅಡಿ ಉದ್ದ. ಸೀಳಿನ ನಡುವೆ ಒಂದು ಕುದುರೆ, ಬೇರೆಲ್ಲೋ ಹೊಗೆ, ಒಂದು ತುಂಡು ಆಕಾಶ ಕಾಣುತ್ತವೆ. ಹತ್ತಿರ ಹೋದರೆ ಅವೂ ಮುದ್ರಣದ ಚುಕ್ಕೆಗಳಾಗಿ ಕರಗುತ್ತವೆ. ಇದನ್ನು ಹೊಸ ಅವಯವಿ ಎಂದು ಮಾತ್ರ ನೋಡಿದರೆ ಕುದುರೆ ಒಂದು ಕಂದು ಕಲೆಯಷ್ಟೆ. ಹಳೆಯದರ ಅವಶೇಷವೆಂದು ಮಾತ್ರ ನೋಡಿದರೆ ಕೃತಿ ಒಂದು ಹರಿದ ಪ್ರತಿಯಷ್ಟೆ. ಕುದುರೆ ಎರಡೂ ಆಗಿದೆ. ಅದು ಇನ್ನೂ 1863ರ ಕುದುರೆ, ಮತ್ತು ಯುದ್ಧವನ್ನು ವೀರಗಾಥೆಯಾಗಿ ಸುತ್ತಿಕಟ್ಟಿದ ಚಿತ್ರಣವನ್ನು ಬಿಚ್ಚುತ್ತಿರುವ ಈಗಿನ ಕೃತಿಯ ಅಂಗ.

ಈ ಜೋಡಿ ಸ್ಥಿತಿಯನ್ನು ಹೇಳಲು ಮಾಧ್ವರ ಭಾಷೆ ಹೆಚ್ಚು ಒದಗಿಬರುತ್ತದೆ. ಹದಿಮೂರನೆಯ ಶತಮಾನದಲ್ಲಿ ಉಡುಪಿಯಲ್ಲಿ ನೆಲೆಗೊಂಡ ದ್ವೈತ ಸಂಪ್ರದಾಯ ತನ್ನ ಹತ್ತು ಪದಾರ್ಥಗಳಲ್ಲಿ ಅಂಶಿ, ಎಂದರೆ ಇಡಿ ಎಂಬುದಕ್ಕೆ ಬೇರೆಯೇ ಸ್ಥಾನ ಕೊಟ್ಟಿತು. ಅವಯವದಲ್ಲಿ ಅವಯವಿಯನ್ನು ನಿಲ್ಲಿಸಲು ನೈಯಾಯಿಕರು ಒಪ್ಪಿದ ಸಮವಾಯವೆಂಬ ನಿತ್ಯಸಂಬಂಧವನ್ನು ಅದು ತಿರಸ್ಕರಿಸಿತು. ನೂಲು ಇರುವಷ್ಟು ಕಾಲವೂ ಬಟ್ಟೆ ಇರುವುದಿಲ್ಲ, ನೂಲು ಮೊದಲೇ ಇತ್ತು, ಬಟ್ಟೆ ಹೋದ ಮೇಲೂ ಇರಬಹುದು. ಹೀಗೆ ಆಶ್ರಯ ಇರುವಷ್ಟು ಕಾಲ ಇರದಂಥವುಗಳ ವಿಷಯದಲ್ಲಿ ಸಂಬಂಧವು ಭೇದಾಭೇದ, ಬೇರೆಯೂ ಹೌದು, ಬೇರೆಯಲ್ಲದ್ದೂ ಹೌದು ಎಂದು ಅದು ನಿರ್ಣಯಿಸಿತು. ಎಲ್ಲೆಡೆಯೂ ಭೇದವನ್ನೇ ಸಾರುವ ಸಂಪ್ರದಾಯ ಇಲ್ಲಿ ಮಾತ್ರ ಅಭೇದಕ್ಕೂ ಎಡೆ ಕೊಟ್ಟಿರುವುದು ಸ್ವಾರಸ್ಯದ ಸಂಗತಿ. ಹಿಂದೊಂದು ಬಾಳು ಬಾಳಿದ ಅವಯವವನ್ನು ವಿವರಿಸಲು ಕಾಲದ ಈ ಅಳತೆಯೇ ಬೇಕಾದದ್ದು, ಏಕೆಂದರೆ ಬೇಲಿಯ ಜಾಹೀರಾತು ಕೃತಿಗಿಂತ ಮೊದಲೇ ಇತ್ತು. ಅದಕ್ಕೆ ಓದುಗರಿದ್ದರು, ಫೋನ್ ನಂಬರಿಗೆ ಕರೆ ಮಾಡಿದವರಿದ್ದರು.

ದರ್ಶನಗಳು ಕೇಳದ ಇನ್ನೊಂದು ಪ್ರಶ್ನೆ ಇಲ್ಲಿ ಉಳಿಯುತ್ತದೆ, ಅದು ಧರ್ಮದ ಪ್ರಶ್ನೆ. ಇಡಿ ಸುಂದರವಾಯಿತೆಂಬ ಕಾರಣಕ್ಕೆ ಬಿಡಿಗಳು ಸುಟ್ಟದ್ದೂ ಹರಿದದ್ದೂ ಸಾರ್ಥಕವಾಯಿತೆ? ಲೋಕದ ದುಃಖವೆಲ್ಲ ಯಾವುದೋ ದೊಡ್ಡ ಚಿತ್ರದ ಅಂಗವೆಂದು ಸಮಾಧಾನ ಹೇಳುವ ಮತಗಳು ಎಲ್ಲ ಕಡೆಯೂ ಇವೆ, ಕೊಲಾಜ್ ಅವುಗಳಿಗೆ ಸುಲಭವಾಗಿ ರೂಪಕವಾಗಿಬಿಡುವ ಅಪಾಯವೂ ಇದೆ. ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದ ಮೂರು ವರ್ಷಗಳ ನಂತರ, 2008ರಲ್ಲಿ, ಅತಿ ಹೆಚ್ಚು ಹಾನಿಯಾದ ಲೋವರ್ ನೈಂತ್ ವಾರ್ಡ್‌ನಲ್ಲಿ ಬ್ರಾಡ್‌ಫರ್ಡ್ ಭಿತ್ತಿಪತ್ರ ಮೆತ್ತಿದ ಹಳೆಯ ಪ್ಲೈವುಡ್ ಹಲಗೆಗಳಿಂದ ಒಂದು ಬೃಹತ್ ನಾವೆಯನ್ನು ಕಟ್ಟಿ, ಪ್ರಾಚೀನ ಇರಾನಿನ ದೇವತೆ ಮಿಥ್ರನ ಹೆಸರಿಟ್ಟರು. ಬೈಬಲಿನ ಪ್ರಳಯಕಥೆಯ ನೋಹನ ನಾವೆಯ ಆಕಾರ, ಆದರೆ ನೀರಿಲ್ಲದ ಖಾಲಿ ನಿವೇಶನದಲ್ಲಿ, ಪ್ರವಾಹ ಬಂದು ಹೋದ ಮೇಲೆ. ಅದು ಯಾರನ್ನೂ ಉಳಿಸುವ ಸ್ಥಿತಿಯಲ್ಲಿರಲಿಲ್ಲ, ಉಳಿಸುತ್ತೇನೆಂದು ಹೇಳಲೂ ಇಲ್ಲ. ರೂಪಕದ ಸಮಾಧಾನವನ್ನು ತಿರಸ್ಕರಿಸಿದ್ದೇ ಆ ಕೃತಿಯ ಬಲ.

ಮಾರುಕಟ್ಟೆಗೆ ಈ ಸಂಕೋಚವಿಲ್ಲ. 2007ರ ‘ಹೆಲ್ಟರ್ ಸ್ಕೆಲ್ಟರ್ I’ ಎಂಬ ಕೃತಿ 2018ರ ಮಾರ್ಚಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಬಡವರ ಬೀದಿಯ ಕಾಗದ ಈ ಬೆಲೆಗೆ ಏರಿದಾಗ ಇಡಿಯು ಬಿಡಿಗಳನ್ನು ನುಂಗಿತೆಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ, ಮತ್ತು ಕ್ಯಾನ್ವಾಸಿನ ಒಳಗೆ ಅದಕ್ಕೆ ಉತ್ತರವಿಲ್ಲ. ಬ್ರಾಡ್‌ಫರ್ಡ್ ಉತ್ತರವನ್ನು ಕ್ಯಾನ್ವಾಸಿನ ಹೊರಗೆ ಇಟ್ಟಿರುವುದು ಅವರ ವಿವೇಕ. ವೆನಿಸ್ ಬಿಯೆನಾಲೆಯ ಅಮೆರಿಕ ಮಂಟಪದ ಮೊದಲ ಕೋಣೆಯಲ್ಲಿ ಚಾವಣಿಯಿಂದ ಜೋತು, ನೋಡುಗರನ್ನು ಗೋಡೆಯಂಚಿಗೆ ತಳ್ಳುವ ಬೃಹತ್ ಕಾಗದದ ಗಂಟನ್ನು ಇಳಿಬಿಟ್ಟದ್ದರ ಜೊತೆಗೆ, ಅವರು ಆ ಊರಿನ ಜೈಲುವಾಸಿಗಳೊಂದಿಗೆ ದುಡಿಯುವ ರಿಯೊ ತೆರಾ ದೆಯ್ ಪೆನ್ಸಿಯೆರಿ ಎಂಬ ಸಹಕಾರ ಸಂಸ್ಥೆಯ ಜೊತೆ ಆರು ವರ್ಷಗಳ ಒಪ್ಪಂದ ಮಾಡಿಕೊಂಡರು. ಕೈದಿಗಳು ತಯಾರಿಸಿದ ವಸ್ತುಗಳನ್ನು ಮಾರುವ ಅಂಗಡಿ ಅದರ ಫಲ. ತಾವು ಹಿಂದೆ ದುಡಿದ ಲಮರ್ಟ್ ಪಾರ್ಕಿನಲ್ಲಿ ಅಲನ್ ಡಿಕ್ಯಾಸ್ಟ್ರೊ ಮತ್ತು ಐಲೀನ್ ಹ್ಯಾರಿಸ್ ನಾರ್ಟನ್ ಅವರೊಂದಿಗೆ ಅವರು ಸ್ಥಾಪಿಸಿದ ಆರ್ಟ್ ಪ್ಲಸ್ ಪ್ರಾಕ್ಟೀಸ್ ಸಂಸ್ಥೆ, ತಂದೆತಾಯಿಯ ಆಸರೆಯಿಲ್ಲದೆ ಸರ್ಕಾರದ ಪೋಷಣೆಯಲ್ಲಿ ಬೆಳೆದು ಪ್ರಾಯಕ್ಕೆ ಬಂದ ಯುವಜನರಿಗೆ ಕೆಲಸ, ಶಿಕ್ಷಣ, ವಸತಿಯ ನೆರವು ಒದಗಿಸುತ್ತದೆ, ಮತ್ತು ಅದರ ಕಲಾಪ್ರದರ್ಶನಗಳಿಗೆ ಪ್ರವೇಶ ಉಚಿತ.